ಹಿಡಿಯದ ಬೂಟು

ಮೂರನೇ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ನಮ್ಮ ಯಜಮಾನರಿಗೆ ಖಡಾಖಂಡಿತವಾಗಿ ಹೇಳಿದೆ. "ನೋಡಿ, ಇಲ್ಲೂ 'ಹಿಡೀತಾ ಇಲ್ಲ' ಅಂದ್ರೆ ನಾನು ಬಸ್ ಹತ್ತಿ ಮನೆಗೆ ಹೋಗ್ತೀನಿ. ನೀವು ಬರಿಗಾಲಲ್ಲಿ ನಡ್ಕೊಂಡು ಬನ್ನಿ."

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಬಾಗಿಲಲ್ಲೇ ನಿಂತು, ಗೋಡೆಯುದ್ದಕ್ಕೂ ಜೋಡಿಸಿದ್ದ ಬೂಟುಗಳನ್ನು ಸಿಪಾಯಿಗಳ ತಪಾಸಣೆ ಮಾಡುವವರ ಹಾಗೆ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಬಂದವರು. ಬಂದು ಒಂಬತ್ತು ವರ್ಷವಾದರೂ ನಮ್ಮ ಮನೆಯಲ್ಲಿ ಹಾಲಿನ ಪಾತ್ರೆ ಕೂಡ ಸಾಲು ತಪ್ಪಿ ನಿಲ್ಲುವಂತಿಲ್ಲ. ಈಗ ಕಬ್ಬಿಣದ ಸರಳು, ಪೈಪು ದಾಸ್ತಾನು ಮಾಡುವ ಒಂದು ಯಾರ್ಡಿನಲ್ಲಿ ಮೇಲ್ವಿಚಾರಕರಾಗಿದ್ದಾರೆ. ಅಲ್ಲಿನ ಕೆಲಸಗಾರರು ಅವರನ್ನು ಬೆನ್ನ ಹಿಂದೆ 'ಪರೇಡು' ಅನ್ನುತ್ತಾರೆ. ನಾನು ಮುಖದೆದುರಿಗೇ ಅನ್ನುತ್ತೇನೆ.

ಹೋದ ತಿಂಗಳು ಆ ಯಾರ್ಡಿನಲ್ಲಿ ಒಬ್ಬನ ಕಾಲ ಮೇಲೆ ಪೈಪು ಉರುಳಿ ಎರಡು ಬೆರಳು ಜಜ್ಜಿಹೋದವು. ಆಮೇಲೆ ಮೇಲಿನವರಿಗೆ ಜ್ಞಾನೋದಯವಾಯಿತು. ಬೆರಳ ಭಾಗಕ್ಕೆ ಉಕ್ಕಿನ ತಗಡು ಕೂರಿಸಿದ ಬೂಟು ಇಲ್ಲದವರನ್ನು ಸೋಮವಾರದಿಂದ ಗೇಟಿನೊಳಗೆ ಬಿಡುವುದಿಲ್ಲ ಎಂದು ಗೋಡೆಗೆ ಚೀಟಿ ಅಂಟಿಸಿದರು. ಇವತ್ತು ಶನಿವಾರ, ನಾಳೆ ಅಂಗಡಿಗಳಿಗೆ ರಜೆ. ಇವರ ಕುರ್ಚಿಯ ಮೇಲೆ ಮ್ಯಾನೇಜರನ ಭಾವಮೈದ ಕಣ್ಣಿಟ್ಟು ಎಷ್ಟೋ ದಿನವಾಯಿತು. ಅವನು ಆಗಲೇ ಬೂಟು ಕೊಂಡುಕೊಂಡು ಊರೆಲ್ಲ ಟಕಟಕ ಎಂದು ತಿರುಗುತ್ತಿದ್ದಾನಂತೆ. ಐವತ್ತೆರಡು ದಾಟಿದವರಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಅವರ ತಲೆಯಲ್ಲಿದ್ದದ್ದು ಮಾತ್ರ ಒಂದೇ ಮಾತು, ಹಿಡಿತ.

ಬೂಟು ಎಂದರೆ ಕಾಲನ್ನು ಹಿಡಿಯಬೇಕು ಎಂಬುದು ಅವರ ಸಿದ್ಧಾಂತ. ಮೊದಲನೇ ಅಂಗಡಿಯವನು ಒಂಬತ್ತನೇ ನಂಬರಿನಲ್ಲಿ ಐದು ಜೊತೆ ತೋರಿಸಿದ. ಐದಕ್ಕೂ ಎದ್ದು ನಿಂತು, ನೆಲಕ್ಕೆ ಎರಡು ಸಲ ಕಾಲು ಬಡಿದು, ತಲೆಯಾಡಿಸಿದರು. "ಹಿಡೀತಾ ಇಲ್ಲ." ಎರಡನೇ ಅಂಗಡಿಯಲ್ಲಿ ಎಂಟೂವರೆ, ಎಂಟು. "ಹಿಡೀತಾ ಇಲ್ಲ. ದೋಣಿ ಒಳಗೆ ಕಾಲಿಟ್ಟಂಗಿದೆ." ಅಲ್ಲಿನ ಹುಡುಗಿ ಪೆಟ್ಟಿಗೆ ತೆಗೆದು ತೆಗೆದು ಬೆವೆತುಹೋದಳು. ದಪ್ಪ ಕಾಲುಚೀಲ ಹಾಕಿಕೊಂಡರೆ ಸರಿಹೋಗುತ್ತದಲ್ಲ ಎಂದು ನಾನು ಹೇಳಿದ್ದೇ ತಪ್ಪಾಯಿತು.

"ಬೂಟಿನ ವಿಷಯ ನಿಂಗೇನೇ ಗೊತ್ತು? ದಿನಕ್ಕೆ ನಲವತ್ತು ಮೈಲಿ ನಡೆದಿದ್ದೀನಿ ನಾನು."

ಈ ನಲವತ್ತು ಮೈಲಿ ಮದುವೆಯಾದಾಗ ಇಪ್ಪತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಹತ್ತಿರ ಮೊಲ ತೋರಿಸಿ ಏನು ಪ್ರಯೋಜನ?

ಮೂರನೆಯದು ಹಳೆಯ ಅಂಗಡಿ. ನಡೆಸುತ್ತಿದ್ದವಳು ನನ್ನ ವಯಸ್ಸಿನ ಹೆಂಗಸು, ಕನ್ನಡಕವನ್ನು ಬೂಟಿನ ಲೇಸಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಅವಳು ನಂಬರು ಕೇಳಲಿಲ್ಲ. "ದಿನಕ್ಕೆ ಎಷ್ಟು ಹೊತ್ತು ನಿಂತಿರ್ತೀರಿ ಅಣ್ಣಾ? ನೆಲ ಎಂಥದು? ಎಣ್ಣೆ ಗಿಣ್ಣೆ ಚೆಲ್ಲಿರುತ್ತಾ?" ಎಂದು ಕೇಳಿದಳು. ಅಬ್ಬಾ, ಒಬ್ಬರಾದರೂ ಕೆಲಸ ಗೊತ್ತಿರುವವರು ಸಿಕ್ಕರಲ್ಲ ಅನ್ನಿಸಿತು.

ಒಂದು ಬೂಟನ್ನು ತೆಗೆದು ಎರಡೂ ಕೈಯಲ್ಲಿ ಬಗ್ಗಿಸಿ ತೋರಿಸಿದಳು. "ಬೆರಳಿನ ಬುಡದಲ್ಲಿ ಬಗ್ಗಬೇಕು ನೋಡಿ. ಮಧ್ಯದಲ್ಲಿ ಬಗ್ಗಿದ್ರೆ ಆರೇ ತಿಂಗಳು, ಆಮೇಲೆ ಬಾಯಿ ಬಿಡುತ್ತೆ. ಇದರ ಅಟ್ಟೆ ಬರೀ ಅಂಟಲ್ಲ, ಸುತ್ತ ಹೊಲಿಗೆ ಇದೆ. ಸವೆದ್ರೆ ಅಟ್ಟೆ ಮಾತ್ರ ಬದಲಾಯಿಸ್ಕೋಬಹುದು."

ಯಜಮಾನರು ಹೊಲಿಗೆಗೆ ಉಗುರು ತಾಗಿಸಿ ನೋಡಿದರು, ಮೂಸಿ ನೋಡಿದರು. ಮೆಚ್ಚಿದರು. ಹಾಕಿಕೊಂಡರು. 

ಒಂಬತ್ತು ಹಿಡಿಯಲಿಲ್ಲ. ಎಂಟೂ ಹಿಡಿಯಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. "ಏಳು ಕೊಡಮ್ಮಾ ಇವರಿಗೆ, ಇಲ್ಲಾಂದ್ರೆ ತೊಟ್ಟಿಲು ಮಗುವಿನ ಬೂಟಿದ್ರೆ ಅದನ್ನೇ ಕೊಡು" ಎಂದೆ. ಸಿಟ್ಟಿನಲ್ಲಿ ಆಡಿದ ಮಾತು. ಅವರು ನಿಜವೆಂದೇ ತಿಳಿದು ಏಳನ್ನೇ ಕೇಳಿ ತರಿಸಿದರು. ಹಿಮ್ಮಡಿಯ ಹಿಂದೆ ಬೂಟು ಏರಿಸುವ ತಗಡಿನ ಪಟ್ಟಿ ಇಟ್ಟು, ಹಲ್ಲು ಕಚ್ಚಿ, ಗೋಣಿಯೊಳಗೆ ಹತ್ತಿ ತುರುಕಿದಂತೆ ಬಲಗಾಲನ್ನು ತುರುಕಿದರು. ಎದ್ದು ನಿಂತು ಎರಡು ಸಲ ಬಡಿದರು. ಮುಖ ಅರಳಿತು.

"ಆಹಾ! ಈಗ ಹಿಡೀತು ನೋಡು!"

"ಕಟ್ಟಿಕೊಡಮ್ಮಾ, ನಿನಗೆ ಪುಣ್ಯ ಬರುತ್ತೆ" ಎಂದೆ ನಾನು.

ಅವಳು ಕಟ್ಟಲಿಲ್ಲ. ಕನ್ನಡಕ ಏರಿಸಿಕೊಂಡು, ಬೂಟಿನ ಪಕ್ಕದಲ್ಲಿ ಉಬ್ಬಿಕೊಂಡಿದ್ದ ಚರ್ಮವನ್ನೇ ನೋಡುತ್ತ ನಿಂತಳು. "ಸ್ವಲ್ಪ ತಾಳಿ ಅಕ್ಕಾ" ಎಂದು, ಅವರು ಕಳಚಿಟ್ಟಿದ್ದ ಹಳೆಯ ಬೂಟನ್ನು ಎತ್ತಿಕೊಂಡಳು. ಲೇಸಿನ ಕೆಳಗಿನ ನಾಲಿಗೆಯ ಒಳಗಡೆ ಮಾಸಿದ ನಂಬರು ಇನ್ನೂ ಓದುವಂತಿತ್ತು, ಒಂಬತ್ತು. ಒಳಗೆ ಕೈ ಹಾಕಿ ತಡಕಾಡಿದಳು. ಆಮೇಲೆ ಬೂಟನ್ನು ಕವುಚಿದಳು. ಟಣ್ ಎಂದು ಏನೋ ನೆಲಕ್ಕೆ ಬಿದ್ದು ನನ್ನ ಕಾಲ ಬುಡಕ್ಕೆ ಉರುಳಿತು. ಹೆಬ್ಬೆರಳ ಉಗುರಿನಷ್ಟು ದೊಡ್ಡ ಕಬ್ಬಿಣದ ನಟ್ಟು.

"ಬೆಳಿಗ್ಗೆ ಬಿದ್ದಿರಬೇಕು" ಎಂದರು ಯಜಮಾನರು.

ಅವಳು ಬೂಟಿನ ಒಳಹಾಸನ್ನು ಎಳೆದು ತೆಗೆದು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಆರು ಮೂಲೆಯ ಗುಂಡಿ ಅಚ್ಚೊತ್ತಿದಂತೆ ಕೂತಿತ್ತು. ಒಂದು ದಿನಕ್ಕೆ ಬೀಳುವ ಗುಂಡಿ ಅಲ್ಲ ಅದು, ವಾರಗಟ್ಟಲೆಯದು.

"ಥೂ, ಏನು ಮನುಷ್ಯರ್ರೀ ನೀವು! ಕಲ್ಲು ಮುಳ್ಳಿನ ಮೇಲೆ ನಡೆದೋನು ಅಂತ ತೋರಿಸ್ಕೊಳ್ಳೋಕೆ ಬೂಟೊಳಗೆ ನಟ್ಟು ಇಟ್ಕೊಂಡು ತಿರುಗ್ತಿದ್ರಾ?" ಎಂದೆ. ಆಗಲೂ ನನಗೆ ಹೊಳೆಯಲಿಲ್ಲ. ಇದೂ ಅವರ ಪರೇಡೇ ಅಂದುಕೊಂಡೆ.

"ಆ ಬೂಟು, ಕಾಲುಚೀಲ ಬಿಚ್ಚಿ ಅಣ್ಣಾ. ಕಣ್ಣು ಮುಚ್ಕೊಳ್ಳಿ. ಎಲ್ಲಿ ಮುಟ್ತೀನೋ ಹೇಳಿ" ಎಂದಳು ಅವಳು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ಲನ್ನು ತೆಗೆಯುತ್ತ.

ಅವರು ಎದೆ ಸೆಟೆಸಿ ಕೂತು ಕಣ್ಣು ಮುಚ್ಚಿದರು. ಅವಳು ಹಿಮ್ಮಡಿಗೆ ಪೆನ್ಸಿಲ್ಲಿನಿಂದ ಒತ್ತಿದಳು.

"ಹೆಬ್ಬೆರಳು!" ಹಾಜರಿ ಕೂಗಿದಾಗ ಉತ್ತರ ಕೊಡುವ ದನಿ.

ಕಿರುಬೆರಳಿಗೆ ಒತ್ತಿದಳು. "ಹಿಮ್ಮಡಿ!"

ನನಗೆ ನಗು ಬಂತು. ಸೈನ್ಯದಲ್ಲಿ ಕೇಳಿದ ತಕ್ಷಣ ಉತ್ತರ ಕೊಡಬೇಕು, ಸರಿಯೋ ತಪ್ಪೋ ಆಮೇಲೆ, ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ಅಷ್ಟರಲ್ಲಿ ಅವಳು ಪೆನ್ಸಿಲ್ಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, ಕೈಕಟ್ಟಿ ಸುಮ್ಮನೆ ಕೂತಳು.

"ನಡು ಪಾದ!" ಎಂದರು ಅವರು, ಕಣ್ಣು ಮುಚ್ಚಿಕೊಂಡೇ.

ನನ್ನ ನಗು ಅಲ್ಲಿಗೇ ನಿಂತಿತು.  ಬಗ್ಗಿ ಅವರ ಪಾದವನ್ನು ಎತ್ತಿ ನೋಡಿದೆ. ಅಂಗಾಲಿನಲ್ಲಿ, ನಟ್ಟು ಇದ್ದ ಜಾಗದಲ್ಲಿ, ಸುತ್ತ ಬಿಳಿಚಿಕೊಂಡು ನಡುವೆ ಕಪ್ಪಾದ ಹುಣ್ಣು. ಬೆರಳಿಟ್ಟು ಒತ್ತಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನಮ್ಮಪ್ಪನಿಗೂ ಹೀಗೇ ಆಗಿತ್ತು ಅಕ್ಕಾ" ಎಂದಳು ಅವಳು. "ಒಂದೊಂದೇ ನಂಬರ್ ಇಳಿಸ್ತಾ ಹೋದ್ರು. ಕಾಲಿಗೆ ಸ್ಪರ್ಶ ಹೋದ್ಮೇಲೆ ಸರಿಯಾದ ಬೂಟು ಹಾಕಿದ್ದೇ ಗೊತ್ತಾಗಲ್ಲ. ಹಿಂಡಿದ್ರೆ ಮಾತ್ರ ಏನೋ ಇದೆ ಅನ್ಸುತ್ತೆ. ಅಣ್ಣನಿಗೆ ಸಕ್ಕರೆ ಕಾಯಿಲೆ ಇದೆಯಾ?"

"ಇಲ್ಲ" ಎಂದರು ಅವರು.

"ತೋರಿಸಿದ್ರೆ ತಾನೇ ಇದೆಯೋ ಇಲ್ವೋ ಗೊತ್ತಾಗೋದು!" ಎಂದು ಕಿರುಚಿದೆ. ಐವತ್ತು ದಾಟಿತು, ಒಮ್ಮೆ ಡಾಕ್ಟರ ಹತ್ತಿರ ಹೋಗಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಸಿಟ್ಟು ಅವರ ಮೇಲೋ, ನಗಾಡಿದ ನನ್ನ ಮೇಲೋ ತಿಳಿಯಲಿಲ್ಲ.

ಅವರ ದನಿ ಇಳಿಯಿತು. "ಸೋಮವಾರ ಗೇಟಿನಲ್ಲಿ ಬೂಟು ನೋಡ್ತಾರೆ ಕಣೇ. ಏಳೇ ಇರ್ಲಿ. ಹೇಗೋ ನಡೆಯುತ್ತೆ."

"ಏಳು ನಾನು ಮಾರಲ್ಲ" ಎಂದಳು ಅಂಗಡಿಯವಳು.

ಒಂದು ಕಂದು ಕಾಗದ ಹಾಸಿ, ಅದರ ಮೇಲೆ ಅವರನ್ನು ನಿಲ್ಲಿಸಿ, ಎರಡೂ ಪಾದದ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಳು. ಬೆರಳುಗಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬಿಟ್ಟು ಕತ್ತರಿಸಿದಳು. ಕಾಗದದ ಪಾದವನ್ನು ಒಂಬತ್ತರ ಬೂಟಿನೊಳಗೆ ಇಳಿಸಿದರೆ ಅಂಚು ಮಡಚಿಕೊಂಡಿತು. ಹತ್ತರಲ್ಲಿ ಚಪ್ಪಟೆಯಾಗಿ ಕೂತಿತು. "ಇನ್ಮೇಲೆ ಬೂಟು ತಗೊಳ್ಳುವಾಗ ಕಾಲನ್ನ ಕೇಳ್ಬೇಡಿ, ಈ ಕಾಗದವನ್ನ ಕೇಳಿ. ಈ ಹತ್ತು ನಿಮಗೇ ಅಂತ ಎತ್ತಿಡ್ತೀನಿ. ಹುಣ್ಣು ಮಾಗಿ, ಡಾಕ್ಟರು ಹೂಂ ಅಂದ್ಮೇಲೆ ಬನ್ನಿ. ಅಲ್ಲೀವರೆಗೆ ಯಾವ ಬೂಟೂ ಬೇಡ."

"ಅಲ್ಲೀವರೆಗೆ ಆ ಭಾವಮೈದ..." ಎಂದು ಅವರು ಶುರುಮಾಡಿದರು.

"ಅವನೇ ಕೂತ್ಕೊಳ್ಳಲಿ ಆ ಕುರ್ಚಿ ಮೇಲೆ! ಕಾಲು ಹೋದ್ರೆ ಅವನ ಅಕ್ಕ ತಂದ್ಕೊಡ್ತಾಳಾ? ನಡೀರಿ ಆಸ್ಪತ್ರೆಗೆ" ಎಂದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಹುಕುಂ ಅವರು ಮರುಮಾತಿಲ್ಲದೆ ಪಾಲಿಸಿದರು. ಅದು ನನಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು.

ಅಂಗಡಿಯವಳು ಗಾಯಕ್ಕೆ ಬಟ್ಟೆ ಸುತ್ತಿ, ಅಗಲದ ಮೆತ್ತನೆ ಚಪ್ಪಲಿ ಕೊಟ್ಟಳು. ಹೊರಗೆ ಬಾಡಿಗೆ ಕಾರಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತೆವು. ಸುತ್ತಿದ ಕಾಗದ ಅವರ ಕೈಯಲ್ಲಿತ್ತು.

"ಯಾವಾಗಿಂದ ಹೀಗೆ?" ಎಂದು ಕೇಳಿದೆ.

"ಸರಿಯಾಗಿ ಗೊತ್ತಿಲ್ಲ. ಎರಡು ಚಳಿಗಾಲ ಆಗಿರಬೇಕು."

ಎರಡು ಚಳಿಗಾಲ. ನನ್ನ ಕಾಲು ಹುಟ್ಟಾ ತಣ್ಣಗೆ. ಮದುವೆಯಾದಾಗಿನಿಂದ ಮಲಗುವಾಗ ನಾನು ಅವನ್ನು ಅವರ ಪಾದಕ್ಕೆ ಒತ್ತುವುದು, ಅವರು "ತೆಗಿಯೇ ಆಚೆ, ಮಂಜುಗಡ್ಡೆ" ಎಂದು ಬೈದು ಹಾಸಿಗೆಯ ಅಂಚಿಗೆ ಸರಿಯುವುದು, ಇದು ನಮ್ಮ ನಿತ್ಯದ ಜಗಳ. ಎರಡು ಚಳಿಗಾಲದ ಹಿಂದೆ ಆ ಬೈಗುಳ ನಿಂತಿತು. ಸರಿಯುವುದೂ ನಿಂತಿತು. ನನ್ನ ಪಾದ ಅವರ ಪಾದದ ಮೇಲಿದ್ದರೂ ಹಾಯಾಗಿ ಮಲಗಿರುತ್ತಿದ್ದರು. ಅಂತೂ ಇಂತೂ ಈ ಮನುಷ್ಯನಿಗೆ ಹೆಂಡತಿಯ ಮೇಲೆ ಪ್ರೀತಿ ಬಂತಲ್ಲ ಎಂದು ನಾನು ಹಿಗ್ಗಿ, ತಂಗಿಗೆ ಫೋನು ಮಾಡಿ ಹೇಳಿಕೊಂಡಿದ್ದೆ.