ಚಹದಂಗಡಿಯ ಗೋಡೆ

"ಪಟ್ಟಿ ನಿನ್ನೇನೇ ಇಳಿಸಿಬಿಟ್ವಲ್ಲ, ರೆಫಿಯೆ ಅಕ್ಕ. ಈಗ ಬಂದ್ಯಾ?" ಅಂದ ಚಹದಂಗಡಿಯ ಶಾಬಾನ್, ಖಾಲಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು.

ರೆಫಿಯೆ ನನ್ನ ಮುಖ ನೋಡಿದಳು. ನಾವಿಬ್ಬರೂ ಪಕ್ಕದ ಮನೆಯವರು. ಆ ಹೊಸ್ತಿಲು ದಾಟಿದವರಲ್ಲ. ಎದಿರ್ನೆ ಪಟ್ಟಣದ ಕಡೆಯ ನಮ್ಮ ಹಳ್ಳಿಯಲ್ಲಿ ಚಹದಂಗಡಿ ಗಂಡಸರದ್ದು. ಸೂರ್ಯಕಾಂತಿ ಬೆಳೆದವರಿಗೆ ಸರ್ಕಾರ ಕೊಡುವ ಸಹಾಯಧನದ ಪಟ್ಟಿ ಮಾತ್ರ ಪ್ರತಿ ವರ್ಷ ಅಲ್ಲೇ, ಒಲೆಯ ಪಕ್ಕದ ಗೋಡೆಯ ಮೇಲೆ ತೂಗುತ್ತದೆ. ಯಾರ ಹೆಸರು, ಯಾವ ಹೊಲ, ಎಲ್ಲ ಇರುತ್ತದೆ. ಊರೆಲ್ಲ ನೋಡಲಿ, ಸುಳ್ಳಿದ್ದರೆ ತಕರಾರು ಹೇಳಲಿ ಅಂತ. ಗಡುವು ಮುಗಿದರೆ ಅದರಲ್ಲಿ ಇದ್ದದ್ದೇ ಗಟ್ಟಿ. ಮೊದಲೆಲ್ಲ ರೆಫಿಯೆಯ ಗಂಡ ಓದಿ ಬಂದು ಊಟಕ್ಕೆ ಕೂತು ಹೇಳುತ್ತಿದ್ದ. ಅವನು ತೀರಿಕೊಂಡ ಮೇಲೆ ಇದು ಮೊದಲ ಪಟ್ಟಿ. ಕೇಳಿದಾಗಲೆಲ್ಲ ಮೈದುನ ರುಸ್ತೆಮ್ "ಇನ್ನೂ ಬಂದಿಲ್ಲ ಅತ್ತಿಗೆ" ಅಂದಿದ್ದ.

"ನನ್ನ ಹೆಸರಿತ್ತೇನಪ್ಪ?"

ಶಾಬಾನ್ ಲೋಟಗಳ ಕಡೆ ನೋಡಿದ. "ನಿಮ್ಮ ಹಳ್ಳದ ಹೊಲ ರುಸ್ತೆಮ್ ಹೆಸರಲ್ಲಿತ್ತು ಅಕ್ಕ. ಮನೇಲಿ ಮಾತಾಡ್ಕೊಂಡಿರ್ತೀರ ಅಂದ್ಕೊಂಡ್ವಿ."

ರೆಫಿಯೆ ಅವನನ್ನು ಸರಿಸಿ ಒಳಗೆ ಹೋದಳು. ಹಿಂದೆಯೇ ನಾನೂ. ಮೇಜುಗಳ ಮೇಲಿನ ಬಿಲ್ಲೆಯಾಟ ನಿಂತಿತು. ರುಸ್ತೆಮ್ ಆಡುತ್ತ ಕೂತಿದ್ದ. ಅವನ ಎದುರಿಗೆ ನನ್ನ ಗಂಡ. ನನ್ನನ್ನು ಕಂಡದ್ದೇ ಬಗ್ಗಿ ಬೂಟಿನ ದಾರ ಬಿಗಿಯತೊಡಗಿದ.

ಪಟ್ಟಿ ಇದ್ದ ಗೋಡೆಯ ಕೆಳಗೆ ಸೂರ್ಯಕಾಂತಿ ಬೀಜದ ಸಿಪ್ಪೆ ಗುಡ್ಡೆ ಬಿದ್ದಿತ್ತು. ಪಟ್ಟೆ ಪಟ್ಟೆ ಸಿಪ್ಪೆ. ನನಗೂ ಗುರುತು ಸಿಕ್ಕಿತು. ಹಳ್ಳದ ಹೊಲದ ಅಂಚಿನಲ್ಲಿ ರೆಫಿಯೆ ಎರಡು ಸಾಲು ತಿನ್ನುವ ಬೀಜ ಹಾಕುತ್ತಾಳೆ. ಅದನ್ನು ಹುರಿದು ಈ ಅಂಗಡಿಯ ಭರಣಿ ತುಂಬಿಸುವುದು ಅವಳ ಗಂಡನ ರೂಢಿ. ಅವನು ಹೋದ ಮೇಲೂ ಅವಳು ಅದನ್ನು ತಪ್ಪಿಸಿರಲಿಲ್ಲ.

"ಅತ್ತಿಗೆ, ಮನೆಗೆ ನಡೀರಿ, ಅಲ್ಲಿ ಮಾತಾಡೋಣ," ಅಂದ ರುಸ್ತೆಮ್.

"ಇಷ್ಟು ದಿನ ಇಲ್ಲಿ ಗೋಡೆ ಮೇಲಿದ್ದ ಮಾತು ಈಗ ಮನೆಗ್ಯಾಕೆ?"

"ಕಚೇರಿಗೆ ಓಡಾಡೋದು ನಿಮಗೆ ಕಷ್ಟ ಅಂತ ನನ್ನ ಹೆಸರಲ್ಲಿ ಬರೆಸ್ದೆ. ದುಡ್ಡು ಬಂದ್ರೆ ನಿಮಗೂ ಕೊಡ್ತಿದ್ದೆ."

"ನನಗೂ," ಅಂದಳು ರೆಫಿಯೆ. ಆಮೇಲೆ ಉಳಿದವರ ಕಡೆ ತಿರುಗಿದಳು. "ಆ ಹೊಲ ಬಿತ್ತಿದ್ದು ಯಾರು ಅಂತ ನಿಮಗ್ಯಾರಿಗೂ ಗೊತ್ತಿರ್ಲಿಲ್ವಾ? ನಾನು ಟ್ರಾಕ್ಟರ್ ಓಡಿಸ್ಕೊಂಡು ಹೋದಾಗ, ಟ್ರಾಕ್ಟರಿಗೆ ತಲೆವಸ್ತ್ರ ಕಟ್ಟಿದಾಳೆ ಅಂತ ನಕ್ಕಿದ್ರಲ್ಲ, ಇದೇ ಕಿಟಕೀಲಿ ಕೂತು."

ಯಾರೂ ತಲೆ ಎತ್ತಲಿಲ್ಲ.

"ಅವರ ಮನೆ ವಿಷಯ, ನಡುವೆ ನಾವ್ಯಾಕೆ ಅಂತ..." ಅಂದ ನನ್ನ ಗಂಡ, ಬೂಟಿಗೇ ಹೇಳುವ ಹಾಗೆ.

"ನಡುವೆ ಬರ್ಲಿ ಅಂತಾನೇ ಅಲ್ವೇನ್ರೀ ಅದನ್ನ ಇಲ್ಲಿ ತೂಗುಹಾಕಿದ್ದು?" ಅಂದೆ.

ಶಾಬಾನ್ ಕುರ್ಚಿ ಎಳೆದ. "ಒಂದು ಲೋಟ ಚಹ ಕುಡಿ ಅಕ್ಕ."

"ಬೇಡ ಬಿಡಪ್ಪ. ಭರಣೀಲಿ ಬೀಜ ಉಳಿದಿದೆಯಾ?"

"ತಳದಲ್ಲಿ ಸ್ವಲ್ಪ ಇದೆ."

"ತಿಂದು ಮುಗಿಸಿ. ಬರೋ ವರ್ಷ ಆ ಹೊಲ ನಾನು ಬಿತ್ತಲ್ಲ."

ಹೊರಗೆ ಬಂದೆವು. ಅವಳ ಕೈ ಹಿಡಿದುಕೊಂಡೆ. ಮಸೀದಿಯ ಮುಂದಿನ ನಲ್ಲಿಯನ್ನು ಇನ್ನೂ ದಾಟಿರಲಿಲ್ಲ, ಹಿಂದೆ ಚಹದಂಗಡಿಯಲ್ಲಿ ಬಿಲ್ಲೆಗಳನ್ನು ಮತ್ತೆ ಕಲಸುವ ಸದ್ದು ಕೇಳಿಸಿತು.