ಬಿಸಿಲಿನ ಹಗೇವು

ಆ ಬೆಳಗ್ಗೆ ವಡೋದರಾದ ಮೇಲೆ ಮೋಡ ಕರಿಕಂಬಳಿಯಂತೆ ಕವಿದಿತ್ತು. ಹಿಂದಿನ ಸಂಜೆಯ ಗಾಳಿಮಳೆಗೆ ಕಂಬ ಉರುಳಿ ಕಾಲೊನಿಗೆ ಕರೆಂಟಿರಲಿಲ್ಲ. ಗೌರಮ್ಮ ಸ್ನಾನ ಮುಗಿಸಿ, ಕಾಣದ ಸೂರ್ಯನಿಗೇ ಕೈಮುಗಿದು ಒಳಗೆ ಬಂದರೆ, ನಡುಮನೆಯ ಟ್ಯೂಬ್‌ಲೈಟು ಬೆಳಗುತ್ತಿತ್ತು. ಮಗ ಗುಂಡಪ್ಪ ಸರ್ಕಾರಿ ಎಂಜಿನಿಯರು. ಇಲಾಖೆಯ ಪ್ರಯೋಗಕ್ಕೆಂದು ತನ್ನ ಕ್ವಾರ್ಟರ್ಸಿನ ವರಾಂಡಕ್ಕೆ ಶೀಟಿನ ಬದಲು ಸೋಲಾರ್ ಹಲಗೆಗಳನ್ನೇ ಚಾವಣಿಯಾಗಿ ಹೊದಿಸಿದ್ದ.

ಧಾರವಾಡದ ಕಡೆಯಿಂದ ಬಂದಾಗಿನಿಂದ ಮುದುಕಿಗೆ ಈ ಹಲಗೆಗಳದೇ ಕುತೂಹಲ.

"ಗುಂಡಾ, ಇವತ್ತ ಸೂರ್ಯ ಇಲ್ಲ. ಬೆಳಕು ಎಲ್ಲಿಂದ ಬಂತೋ?"

ಗುಂಡಪ್ಪ ಮೆಟ್ಟಿಲ ಕೆಳಗಿನ ಎರಡು ಬ್ಯಾಟರಿ ತೋರಿಸಿದ. "ಮೊನ್ನಿನ ಬಿಸಲು ಇದರಾಗ ಐತಿ, ಅವ್ವಾ."

"ಸೂರ್ಯನಾರಾಯಣನ್ನ ಮೆಟ್ಟಲ ಕೆಳಗ ಕೂಡಿ ಹಾಕೀಯಲ್ಲೋ, ಪಾಪ ಹತ್ತೂದಿಲ್ಲೇನು?" ಎಂದು ನಕ್ಕವಳು ಬಗ್ಗಿ ನೋಡಿದಳು. "ಪೂರಾ ಖಾಲಿ ಮಾಡಿದ್ರ?"

"ಸಾಯ್ತೈತಿ. ಮತ್ತ ತುಂಬೂದಿಲ್ಲ."

ಗೌರಮ್ಮನ ಮುಖ ಅರಳಿತು. ಊರಲ್ಲಿ ಜೋಳ ತುಂಬಿಡುವ ನೆಲದೊಳಗಿನ ಕುಳಿ, ಹಗೇವು, ನೆನಪಾಯಿತು. "ಹಂಗಾರ ಇದು ಹಗೇವು ಅನ್ನು! ತಳದಾಗಿನ ಬೀಜದ ಕಾಳು ಮುಟ್ಟಬಾರದು."

ಅಷ್ಟರಲ್ಲಿ ಎದುರುಮನೆಯ ಹಂಸಾಬೆನ್ ಬಾಗಿಲಲ್ಲಿ ನಿಂತಳು. ಮಗಳು ಬಾಣಂತಿ, ಹಸುಗೂಸು ಮನೆಗೆ ಬಂದು ಒಂದು ದಿನವಾಗಿಲ್ಲ. ಕೋಣೆಯಲ್ಲಿ ಕತ್ತಲು. ಒಂದು ದೀಪದಷ್ಟು ಕರೆಂಟು ಸಿಕ್ಕೀತೇ ಎಂದು ಕೇಳಿದಳು.

ಗುಂಡಪ್ಪ ತಾಯಿಯನ್ನು ಪಕ್ಕಕ್ಕೆ ಕರೆದ. "ಈ ತಿಂಗಳದಾಗ ಸಾಹೇಬರು ಇದನ್ನ ನೋಡಾಕ ಬರ್ತಾರ. ಒಂದು ಬ್ಯಾಟರಿ ಸತ್ರ ಮ್ಯಾಲಿನ ಹಲಗಿ ಸುದ್ದಾ ಕಿತ್ತಕೊಂಡು ಹೋಗ್ತಾರ. ವರ್ಷಗಟ್ಲೆ ಬಡಿದಾಡಿ ತಂದೇನಿ, ಅವ್ವಾ."

"ಹಗೇವಿಗೆ ಬಾಯಿ ಇಟ್ಟಿದ್ದು ತಗಿಯಾಕನ ಹೌದಲ್ಲೋ? ತಗಿಯೂದು ತಪ್ಪಲ್ಲ, ತಳಾ ಕೆರೆಯೂದು ತಪ್ಪು. ಒಂದು ಅವರಿಗೆ ಕೊಡು. ನಮಗ ಎಣ್ಣಿ ಬತ್ತಿ ಐತಿ."

ಗುಂಡಪ್ಪ ಒಲ್ಲದ ಮನಸ್ಸಿನಿಂದಲೇ ಬ್ಯಾಟರಿ, ಟ್ಯೂಬ್‌ಲೈಟು ಎರಡನ್ನೂ ಹೊತ್ತೊಯ್ದು ಜೋಡಿಸಿದ. ಗೌರಮ್ಮ ತನ್ನ ಹರಕುಮುರುಕು ಹಿಂದಿಯಲ್ಲಿ, ಕೈಸನ್ನೆ ಬೆರೆಸಿ ಹೇಳಿಕೊಟ್ಟಳು: ಬೆಳಕು ಹಳದಿಗೆ ತಿರುಗಿದ ಕೂಡಲೇ ಆರಿಸು, ಆಸೆ ಮಾಡಬೇಡ.

ಮರುದಿನವೂ ಮೋಡ ಕದಲಲಿಲ್ಲ. ಸಂಜೆ ದೇವರ ಮುಂದೆ ಹಣತೆ ಹಚ್ಚಿ, ಗೌರಮ್ಮ ಕಿಟಕಿಯಲ್ಲಿ ಕುಳಿತಳು. ಬಾಯಲ್ಲಿ ನಾಮಸ್ಮರಣೆ, ಕಣ್ಣು ಎದುರುಮನೆಯ ಬೆಳಕಿನ ಮೇಲೆ. ಬೆಳಕು ಮಂಕಾಯಿತೋ, ತನ್ನ ಕಣ್ಣೇ ಮಂಜಾಯಿತೋ ತಿಳಿಯಲಿಲ್ಲ. ಊಟದ ಹೊತ್ತಿಗೆ ಕಿಟಕಿ ಫಕ್ಕನೆ ಕತ್ತಲಾಯಿತು.

"ಸತ್ತಿತು," ಎಂದ ಗುಂಡಪ್ಪ.

"ಆರಿಸಿರಬೇಕು," ಎಂದಳು ಗೌರಮ್ಮ. ಆದರೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹೋಗಿ ಕೇಳಿದರೆ ಕೊಟ್ಟದ್ದನ್ನು ಎತ್ತಿ ಆಡಿದಂತೆ. ಕೇಳದಿದ್ದರೆ ಮಗನ ಮುಖ ನೋಡುವುದು ಹೇಗೆ?

ಕಂಬ ನಿಲ್ಲಿಸಿದ ಮೇಲೆ ಕರೆಂಟು ಬಂತು. ಆದರೂ ಬ್ಯಾಟರಿ ಮರಳಲಿಲ್ಲ. ಗುಂಡಪ್ಪ ದಿನವೂ ಮೆಟ್ಟಿಲ ಕೆಳಗೆ ಉಳಿದ ಒಂದೇ ಬ್ಯಾಟರಿಯನ್ನು ಬಗ್ಗಿ ನೋಡಿ ಹೋಗುತ್ತಿದ್ದ. ಅದೇ ಅವಳನ್ನು ಹೆಚ್ಚು ಕುಟುಕಿತು.

ಬಿಸಿಲು ಬಿದ್ದ ಬೆಳಗ್ಗೆ ಹಂಸಾಬೆನ್ನಳ ಗಂಡ ರಮಣೀಕಭಾಯಿ ಬಾಗಿಲ ಮುಂದೆ ತನ್ನ ಲೂನಾ ಮೊಪೆಡ್ ನಿಲ್ಲಿಸಿದ. ಅವನ ಕಾಲ ಬಳಿ ಗೋಣಿಚೀಲದ ಮೇಲೆ ಬ್ಯಾಟರಿ ಕುಳಿತಿತ್ತು. ಅದರ ಮೈಮೇಲೆ ಫತೇಗಂಜ್ ಪೇಟೆಯ ಬ್ಯಾಟರಿ ತುಂಬುವ ಅಂಗಡಿಯವನು ಸೀಮೆಸುಣ್ಣದಲ್ಲಿ ಬರೆದ ರಮಣೀಕಭಾಯಿಯ ಹೆಸರು. ಗುಂಡಪ್ಪ ಮೀಟರಿನ ತಂತಿ ತಾಗಿಸಿದ. ಮುಳ್ಳು ಏರಿ, ತುಂಬಿದ ಗುರುತಿನಲ್ಲಿ ನಿಂತಿತು.

"ತುಂಬಿಸ್ಯಾರ, ಅವ್ವಾ," ಎಂದ ಮೆಲ್ಲಗೆ.

ರಮಣೀಕಭಾಯಿ ಟ್ಯೂಬ್‌ಲೈಟನ್ನು ಹೆಗಲ ವಸ್ತ್ರದಲ್ಲಿ ಒರೆಸಿ ಎರಡೂ ಕೈಯಿಂದ ಗೌರಮ್ಮನಿಗೆ ಕೊಟ್ಟ. ಒಮ್ಮೆ ತಲೆಬಾಗಿ, ಲೂನಾ ತಿರುಗಿಸಿದ.