ಸುಣ್ಣದಡಿಯ ಹೆಸರು

"ಅವಳನ್ನೂ ಒಳಗೆ ಕರೀರಿ. ಪಾಪ, ಬಿಸಿಲಲ್ಲಿ ಬಾಗಿಲಲ್ಲೇ ನಿಲ್ಲಿಸ್ಬಿಟ್ರಲ್ಲ," ಎಂದರು ಚಂಪಕ, ಅಡುಗೆಮನೆಯಿಂದಲೇ.

"ಯಾರನ್ನೇ?" ಚಪ್ಪಲಿ ಬಿಡುತ್ತಿದ್ದ ರಘೂತ್ತಮ ಹಿಂತಿರುಗಿ ನೋಡಿದರು. ನಂಜನಗೂಡಿನ ಆ ಬೀದಿ ಮೂರು ಗಂಟೆಯ ಬಿಸಿಲಿಗೆ ಬೆಪ್ಪಾಗಿ ಬಿದ್ದಿತ್ತು. ಒಂದು ನಾಯಿಯೂ ಇರಲಿಲ್ಲ.

"ನಿಮ್ಮ ಹಿಂದೇನೇ ಬಂದ್ಲಲ್ಲ, ಆ ಹುಡುಗಿ. ಕಿಟಕೀಲಿ ನೋಡ್ದೆ. ಟೋಪಿ ಹಾಕಿದ್ಲು, ಮುಖ ಕಾಣ್ಲಿಲ್ಲ. ತುಂಬಿದ ಬಸುರಿ ಕಣ್ರೀ."

ತಟ್ಟೆಯಲ್ಲಿ ಮೂರು ಲೋಟ ಕಾಫಿ ಬಂತು. ರಘೂತ್ತಮ ತಮ್ಮ ಲೋಟ ತೆಗೆದುಕೊಂಡು ಇನ್ನೊಮ್ಮೆ ಬಾಗಿಲ ಕಡೆ ನೋಡಿದರು. ಮೂರನೆಯದು ಯಾರೂ ಮುಟ್ಟದೆ ಕೆನೆಗಟ್ಟಿತು.

ಟೆಲಿಫೋನ್ ಆಫೀಸಿನಲ್ಲಿ ಸವೆದ ಜೀವ ಅವರದು. ಯಾವ ಕಾಲೇಜಿನಲ್ಲೂ ಚರಿತ್ರೆ ಓದಿದವರಲ್ಲ. ಆದರೆ ನಿವೃತ್ತಿಯಾದ ಮೇಲೆ ಅದೆಲ್ಲಿತ್ತೋ ಹುಚ್ಚು, ಹನ್ನೊಂದು ವರ್ಷದಿಂದ ಊರೂರು ಅಲೆದು ಇಂಗ್ಲಿಷಿನವರು ಬಿಟ್ಟುಹೋದ ಮೈಲಿಗಲ್ಲು, ಮೋರಿಗಲ್ಲು, ಬಂಗಲೆ, ಗೋರಿಗಳನ್ನು ಪಟ್ಟಿ ಮಾಡುತ್ತಿದ್ದರು. ಪುಸ್ತಕ ಸೋಮವಾರ ಅಚ್ಚಿಗೆ ಹೋಗಬೇಕು. ಒಂದೇ ಒಂದು ಗೋರಿಯ ಹೆಸರು ಸಿಕ್ಕಿರಲಿಲ್ಲ.

ಅದು ಇದ್ದದ್ದು ಟಿ. ನರಸೀಪುರದ ಹತ್ತಿರದ ಒಂದು ಹಳ್ಳಿಯ ನಾಲೆಯಂಚಿನಲ್ಲಿ, ಬೇವಿನ ಮರದ ಕೆಳಗೆ. ರಸ್ತೆ ಅಳೆಯಲು ಬಂದಿದ್ದ ಯಾವನೋ ದೊರೆಯ ಹೆಂಡತಿ, ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡವಳು. ಊರಿನ ಹೆಂಗಸರು ಅವಳನ್ನು ಮೇಡಮ್ಮ ಅನ್ನುತ್ತಾರೆ. ಬಸುರಿಯರು ಏಳನೇ ತಿಂಗಳಲ್ಲಿ ಹೋಗಿ ಹಸಿರು ಬಳೆ ಇಟ್ಟು ಬರುತ್ತಾರೆ. ಯುಗಾದಿಗೊಮ್ಮೆ ಕಲ್ಲಿಗೆ ಸುಣ್ಣ ಬಳಿಯುತ್ತಾರೆ. ಚಂದಕ್ಕಲ್ಲ, ಹೆಸರು ಮುಚ್ಚಲಿಕ್ಕೆ.

"ಎಸ್ರಿಡಿದು ಕರುದ್ರೆ ಎದ್ದೋಯ್ತಾಳೆ ಸಾ," ಎಂದಿದ್ದಳು ಗೋರಿ ನೋಡಿಕೊಳ್ಳುವ ಮರಿತಾಯಮ್ಮ. "ಅವ್ಳು ಒಂಟೋದ್ರೆ ನಮ್ಮ ಎಣ್ಮಕ್ಳ ಕಾಯೋರ್ಯಾರು? ನಮ್ ಮೊಮ್ಮಗ್ಳು ರಂಜಿನಿಗೆ ಎರಡು ಮಕ್ಳು ಕೈಗತ್ಲಿಲ್ಲ. ಇದು ಮೂರ್ನೇದು. ಎರಿಗೆ ಆಗ್ಬುಡ್ಲಿ, ಆಮೇಕೆ ಏನಾರ ಮಾಡ್ಕಳಿ."

ಆಗಲಿ ಎಂದು ತಲೆಯಾಡಿಸಿ, ಫೋನ್ ನಂಬರು ಕೊಟ್ಟು ಬಂದಿದ್ದ ರಘೂತ್ತಮ, ಇವತ್ತು ಹೆಂಗಸರೆಲ್ಲ ಕಳೆ ಕೀಳಲು ಹೋಗಿದ್ದ ಹೊತ್ತು ನೋಡಿ, ತೆಂಗಿನ ನಾರು, ನೀರು ಹಿಡಿದು ಕೂತುಬಿಟ್ಟರು. ಎಷ್ಟೋ ಯುಗಾದಿಗಳ ಸುಣ್ಣ ಹಪ್ಪಳದ ಹಾಗೆ ಎದ್ದು ಬಂತು. ಅಕ್ಷರ ಕಂಡವು. ಹೆಸರು. ವಯಸ್ಸು ಹತ್ತೊಂಬತ್ತು. ಹೆಸರಿಲ್ಲದ ಮಗು ಜೊತೆಯಲ್ಲಿ.

ಅಷ್ಟಕ್ಕೇ ನಿಲ್ಲಿಸಿದ್ದರೆ! ಟ್ರಂಕ್ ಕಾಲ್ ಕಾಲದ ಅಭ್ಯಾಸ ನೋಡಿ, ಯಾವ ಹೆಸರು ಸಿಕ್ಕಿದರೂ ಮೂರು ಸಲ ಗಟ್ಟಿಯಾಗಿ ಹೇಳಿ ಖಚಿತ ಮಾಡಿಕೊಳ್ಳದೆ ಅವರಿಗೆ ಸಮಾಧಾನವಿಲ್ಲ. ಹೇಳಿದರು. ಮೂರನೆಯ ಸಲಕ್ಕೆ ಬೇವಿನೆಲೆ ಅಲ್ಲಾಡುವುದು ನಿಂತಿತು. ಹಿಂದಿರುಗುವ ಬಸ್ಸಿನಲ್ಲಿ ಜನ ಜೋತುಬಿದ್ದು ನಿಂತಿದ್ದರೂ ಅವರ ಪಕ್ಕದ ಜಾಗದಲ್ಲಿ ಒಬ್ಬರೂ ಕೂರಲಿಲ್ಲ. ಆರಾಮಾಯಿತು ಅಂದುಕೊಂಡಿದ್ದರು, ಪೆದ್ದು ಮನುಷ್ಯ.

ಹೆಂಡತಿಯ ಮುಂದೆ ಇದನ್ನೆಲ್ಲ ಒಪ್ಪಿಸುತ್ತಿದ್ದಾಗಲೇ ಫೋನು ಬಡಿದುಕೊಂಡಿತು.

"ಸುಣ್ಣ ಕೆರದೋರು ನೀವೇ ಅಲ್ವಾ ಸಾ?" ಮರಿತಾಯಮ್ಮನ ದನಿ ಬಿರಿದಿತ್ತು. "ಇನ್ನೂ ತಿಂಗ್ಳದೆ, ನಮ್ ಉಡುಗಿಗೆ ನೋವು ಸುರುವಾಗದೆ. ಅವ್ಳ ಗಂಡ ಜಗನ್ ಆಸ್ಪತ್ರೆಗೆ ಒತ್ಕೊಂಡೋದ. ಜೊತೇಲಿ ಬಾ ಅಂತ ನನ್ ಮಗ್ಳು ಕಾಲ್ ಇಡ್ಕೊಂಡು ಬೇಡಿದ್ರೂ ನಾನು ಗೋರಿ ತಾವಿಂದ ಕದಲಕಿಲ್ಲ. ಕರ್ಕೊಂಡೋದೋಳ ಕರ್ಕೊಂಡ್ ಬನ್ನಿ."

ರಘೂತ್ತಮ ಫೋನಿಟ್ಟು ಕೂತರು. ಚಂಪಕ ಬೀರು ತೆರೆದರು. ಹೊಸ ರವಿಕೆ ಕಣ, ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಒಂದು ಡಜನ್ ಹಸಿರು ಬಳೆ, ಎಲ್ಲ ಒಂದೊಂದಾಗಿ ಚೀಲಕ್ಕೆ ಬಿದ್ದವು.

"ಇದೇನೇ?"

"ಮಡಿಲಕ್ಕಿ. ಬಸುರಿ ಹೆಣ್ಣು ಮನೆ ಬಾಗಿಲಿಗೆ ಬಂದು ಬರಿಗೈಲಿ ಹೋಗೋದುಂಟೇ? ಕರೆದೋರು ನೀವು. ಕಳಿಸೋದು ನನ್ನ ಕೆಲಸ. ಏಳಿ."

ಬಸ್ಸಿನಲ್ಲಿ ಚಂಪಕ ಮೂವರ ಸೀಟಿನ ಕಿಟಕಿ ಕಡೆ ಜಾಗ ಬಿಟ್ಟು ಕೂತರು. ಕಂಡಕ್ಟರು ಬಂದ.

"ಜೆಂಟ್ಸ್ ಒಂದು, ಲೇಡೀಸ್ ಎರಡು. ಆಧಾರ್ ತೋರ್ಸಿ ಅಮ್ಮಾ. ಆಯ್ತು. ಆ ಅಮ್ಮಂದು?"

ರಘೂತ್ತಮ ಕಿಟಕಿ ಪಕ್ಕದ ಖಾಲಿ ಜಾಗದತ್ತ ನೋಡಿದರು. ಚಂಪಕ ಮಾತ್ರ ಅಳುಕಲಿಲ್ಲ. "ಅವಳ್ದು ಊರಲ್ಲೇ ಉಳೀತಪ್ಪ."

"ಮಗ್ಳಾ? ದಿನ ತುಂಬ್ದಂಗದೆ. ಇರ್ಲಿ ಬುಡಿ." ಉಚಿತ ಟಿಕೆಟ್ಟು ಎರಡು ಹರಿದುಕೊಟ್ಟು ಮುಂದೆ ಹೋದ. ಅಷ್ಟು ಗದ್ದಲದಲ್ಲೂ ಕಿಟಕಿ ಪಕ್ಕದ ಆ ಜಾಗದತ್ತ ಯಾರೂ ಸುಳಿಯಲಿಲ್ಲ.

ಅವರು ತಲುಪುವ ಹೊತ್ತಿಗೆ ಹೊತ್ತು ಇಳಿಯುತ್ತಿತ್ತು. ಮರಿತಾಯಮ್ಮ ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತ ಕೂತಿದ್ದಳು. ಸುಣ್ಣ ಕೊತಕೊತ ಕುದಿಯುತ್ತಿತ್ತು.

"ಬನ್ನಿ ಸಾ, ಬನ್ನಿ. ಮನ್ಗಿದ್ದೋಳ ಎಬ್ರಿಸಿ ಅಂತ ಸರ್ಕಾರದೋರು ನಿಮ್ಗೇನಾರ ಪಿಂಚಣಿ ಕೊಟ್ಟವ್ರಾ?"

ಚಂಪಕ ಕಲ್ಲಿನ ಮೇಲೆ ರವಿಕೆ ಕಣ ಹಾಸಿ ಮಡಿಲಕ್ಕಿ ಸುರಿದರು. ಬಳೆ ಇಟ್ಟರು. ಎಷ್ಟೋ ಹೆಣ್ಣುಮಕ್ಕಳನ್ನು ಕಳಿಸಿಕೊಟ್ಟ ನಾಲಿಗೆ ತಾನಾಗಿಯೇ ಹೊರಳಿತು. "ಹೋಗಿ..."

"ಬಾ ಅಂದ್ಬುಟ್ಟೀರಾ ಕಣವ್ವಾ!" ಮರಿತಾಯಮ್ಮ ಚೀರಿದಳು. "ಇರು ಅನ್ನಿ!"

ಚಂಪಕ ಮಾತು ತಿದ್ದಿಕೊಂಡರು. "ಇಲ್ಲೇ ಇರಮ್ಮ. ನೀನು ಬರ್ಬೇಡ, ನಾನೇ ಬಂದು ನೋಡ್ಕೊಂಡು ಹೋಗ್ತೀನಿ."

ಬೇವಿನ ಮರದಲ್ಲಿ ಎಲೆ ಅಲ್ಲಾಡಲಿಲ್ಲ.

"ಎಸ್ರ ಬರ್ಕೊಂಡಿದ್ದೀರಾ?" ಮರಿತಾಯಮ್ಮ ರಘೂತ್ತಮರತ್ತ ನೋಡಿದಳು.

ಹನ್ನೊಂದು ವರ್ಷ. ಅವರು ನೋಟ್‌ಬುಕ್ಕಿನ ಹಾಳೆ ಹರಿದರು. ಒಂದು ಗಳಿಗೆ ಕೈಯಲ್ಲೇ ಇಟ್ಟುಕೊಂಡರು. ಆಮೇಲೆ ಬಕೆಟ್ಟಿಗೆ ಹಾಕಿದರು. ಕುದಿಯುವ ಸುಣ್ಣ ಅದನ್ನು ಒಳಗೆಳೆದುಕೊಂಡಿತು. ಫೋನಿನಲ್ಲಿದ್ದ ಚಿತ್ರ ಅಳಿಸಿದರು. ಕುಂಚ ಕಸಿದುಕೊಂಡು ತಾವೇ ಬಳಿಯತೊಡಗಿದರು, ಒಂದೊಂದೇ ಅಕ್ಷರದ ಮೇಲೆ. ಕೊನೆಯ ಅಕ್ಷರ ಮುಚ್ಚಿದಾಗ ಎಲೆಗಳು ಒಮ್ಮೆಲೇ ಸರಸರ ಅಂದವು. ಅದೇ ಹೊತ್ತಿಗೆ ಮರಿತಾಯಮ್ಮನ ಸೊಂಟದ ಚೀಲದಲ್ಲಿ ಫೋನು ಹಾಡಿತು.

"ಎಣ್ಣು ಮಗ ಕಣಜ್ಜೀ," ಅಂದ ಜಗನ್, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ರಂಜಿನೀನೂ ಸೆಂದಾಗವ್ಳೆ. ಮಗ ವಸಿ ಸಣ್ಣದು, ಆದ್ರೆ ಏನ್ ಕಿರುಚ್ತದೆ ಅಂತೀಯಾ!"

ಮರಿತಾಯಮ್ಮ ಸುಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡಳು. "ಏನ್ ಸಾ, ಎಸ್ರು ಉಡ್ಕೋ ಕೆಲ್ಸ ನಿಮ್ದಲ್ವಾ? ಮಗೀಗೊಂದು ಎಸ್ರು ಯೋಳಿ."

ಹೆಸರು ತುಟಿಯವರೆಗೆ ಬಂತು. ರಘೂತ್ತಮ ಹಲ್ಲು ಕಚ್ಚಿ ನುಂಗಿಕೊಂಡರು. "ಅದು ನಿಮ್ಮ ಮನೆ ಮಗು ತಾಯಿ. ನೀವೇ ಇಡಿ."

ವಾಪಸು ಬಸ್ಸಿಗೂ ಅದೇ ಕಂಡಕ್ಟರು.

"ಮಗ್ಳ ಬುಟ್ಬಂದ್ರಾ ಅಮ್ಮಾ?"

"ಹೂಂ ಕಣಪ್ಪ."

"ಹಂಗಾರೆ ಲೇಡೀಸ್ ಒಂದೇ." ಒಂದೇ ಚೀಟಿ ಹರಿದ.

ಚಂಪಕ ಕಿಟಕಿ ಕಡೆಯ ಜಾಗ ಈಗಲೂ ಬಿಟ್ಟೇ ಕೂತಿದ್ದರು. ಮುಂದಿನ ಸ್ಟಾಪಿನಲ್ಲಿ ಸೊಪ್ಪಿನ ಮಂಕರಿ ಹೊತ್ತ ಹೆಂಗಸೊಬ್ಬಳು ಹತ್ತಿದಳು, ಅತ್ತಿತ್ತ ನೋಡಿದಳು, ಇಬ್ಬರ ಮೊಣಕಾಲು ದಾಟಿ ಬಂದು ಆ ಜಾಗದಲ್ಲಿ ದೊಪ್ಪನೆ ಕೂತಳು.